ಗಡಿಯರಿಯದ ಧೂಳಿ



ಗಡಿಯೆಂದರೇನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಗಡಿಯನ್ನೇ ಅರಿಯದ ವಸ್ತುವೊಂದುಂಟು. ಅದು ವಿಕಿರಣದ ಧೂಳಿ. 1986ರ ಏಪ್ರಿಲ್ 26ರಂದು ಸೋವಿಯತ್ ಯುಕ್ರೇನಿನ ಚೆರ್ನೋಬಿಲ್ ಅಣುಸ್ಥಾವರವು ಸಿಡಿಯಿತು. ಸರ್ಕಾರವು ಮೌನ ತಾಳಿತು. ಎರಡು ದಿನಗಳ ತರುವಾಯ, ಸಾವಿರ ಕಿಲೋಮೀಟರಿಗೂ ಆಚೆ, ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದ ನೌಕರನೊಬ್ಬನ ಪಾದರಕ್ಷೆಯಲ್ಲಿ ಆ ಧೂಳಿಯು ಪತ್ತೆಯಾದ ಮೇಲೆಯೇ ಲೋಕಕ್ಕೆ ಸುದ್ದಿ ತಿಳಿದದ್ದು.

ಅಪಘಾತವನ್ನು ನೆರೆರಾಷ್ಟ್ರಗಳಿಗೆ ಒಡನೆಯೇ ತಿಳಿಸಬೇಕೆಂಬ ಒಪ್ಪಂದವು, ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಆಶ್ರಯದಲ್ಲಿ ಅದೇ ವರ್ಷ ಆಯಿತು. 1994ರ ಸುರಕ್ಷತಾ ಒಪ್ಪಂದವು, ಅಣುಶಕ್ತಿಯನ್ನು ಬೆಳೆಸುವವರೇ ಬೇರೆ, ನಿಯಂತ್ರಿಸುವವರೇ ಬೇರೆ ಇರಬೇಕೆಂದು ವಿಧಿಸಿತು. ಆದರೂ ಒಂದು ಸ್ಥಾವರಕ್ಕೆ ಬೀಗ ಹಾಕಿಸುವ ಅಧಿಕಾರ ವಿಯೆನ್ನಾಕ್ಕಿಲ್ಲ. ಆ ಹೊಣೆ ಆಯಾ ರಾಷ್ಟ್ರದ್ದು.

ಜಪಾನೂ ಇದಕ್ಕೆ ಒಪ್ಪಿತ್ತು. ಆದರೆ ಅಲ್ಲಿ ಸ್ಥಾವರಗಳನ್ನು ತನಿಖೆ ಮಾಡುವ ಇಲಾಖೆಯು, ಅಣುವಿದ್ಯುತ್ತನ್ನು ಬೆಳೆಸುವ ಸಚಿವಾಲಯದೊಳಗೇ ಇತ್ತು. 2011ರಲ್ಲಿ ಕಡಲುಕ್ಕಿ ಫುಕುಶಿಮಾ ದುರಂತ ಸಂಭವಿಸಿತು. ಮರುವರ್ಷ ಸಂಸತ್ತಿನ ವಿಚಾರಣಾ ಆಯೋಗವು ಅದನ್ನು ಮಾನವಕೃತ ಅನರ್ಥವೆಂದು ಸಾರಿತು. ಸ್ವತಂತ್ರ ನಿಯಂತ್ರಣ ಮಂಡಲಿ ಹುಟ್ಟಿದ್ದು ಆ ಬಳಿಕ.

ಪಬ್ಲಿಕ್ ಪರೀಕ್ಷೆಯಲ್ಲಿ ಉಪಾಧ್ಯಾಯನಿಗೆ ತನ್ನ ಶಿಷ್ಯರ ಉತ್ತರಪತ್ರಿಕೆಯನ್ನು ಕೊಡುವುದಿಲ್ಲ. ಅದು ಅವನ ಮೇಲಿನ ಅವಿಶ್ವಾಸವಲ್ಲ. ಪರೀಕ್ಷೆಯ ಮೇಲಿನ ಗೌರವ. ಕನ್ನಡನಾಡಿನ ಕೈಗಾದಲ್ಲಿಯೂ ಅಣುಸ್ಥಾವರವಿದೆ. ಇಂಥವುಗಳ ಮೇಲ್ವಿಚಾರಣೆಗೆಂದು 1983ರಲ್ಲಿ ಭಾರತದ ಅಣುಶಕ್ತಿ ನಿಯಂತ್ರಣ ಮಂಡಲಿ ಸ್ಥಾಪಿತವಾಯಿತು. ಬೇಲಿಯು ಬೇಲಿಯಾಗಿಯೇ ಉಳಿದಿದೆಯೇ ಎಂದು ಹೊಲದವನು ಆಗಾಗ ನೋಡಿಬರುವುದು ತಪ್ಪಲ್ಲ. ಹಾಗೆ ಕೇಳುವುದು ನಮ್ಮ ಮಕ್ಕಳು ಕಲಿಯಬೇಕಾದ ನಾಗರಿಕಧರ್ಮ.