ಹಳೆಯ ಫೋನು, ಹೊಸ ಆ್ಯಪು

ಪುಸ್ತಕದ ಎರಡನೆಯ ಆವೃತ್ತಿ ಹೊರಬಂದಿತೆಂದು ನಿಮ್ಮ ಕಪಾಟಿನಲ್ಲಿರುವ ಮೊದಲನೆಯ ಆವೃತ್ತಿಯ ಅಕ್ಷರಗಳು ಮಾಸಿಹೋಗುವುದಿಲ್ಲ. ಮೊಬೈಲ್ ಫೋನಿನ ಲೋಕದಲ್ಲಿ ಆವೃತ್ತಿಯೆಂಬ ಮಾತಿಗೆ ಅಷ್ಟು ನೆಮ್ಮದಿಯ ಅರ್ಥವಿಲ್ಲ. ಫೋನಿನೊಳಗೆ ಕುಳಿತು ಅದರ ಪರದೆ, ಕ್ಯಾಮರಾ ಮುಂತಾದುವನ್ನೆಲ್ಲ ನಡೆಸುವ ಮೂಲ ವ್ಯವಸ್ಥೆಯೊಂದುಂಟು. ನಮ್ಮಲ್ಲಿ ಬಹುಮಂದಿಯ ಕೈಯಲ್ಲಿರುವುದು ಆಂಡ್ರಾಯ್ಡ್. ಅದಕ್ಕೆ ಹೆಚ್ಚುಕಡಮೆ ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಆ್ಯಪ್ ಕಟ್ಟುವವರು "ಇದಕ್ಕಿಂತ ಕೆಳಗಿನ ಆವೃತ್ತಿಯಲ್ಲಿ ಇದು ನಡೆಯದು" ಎಂದು ಒಂದು ಗೆರೆ ಎಳೆದಿರುತ್ತಾರೆ. ಆ ಗೆರೆಯನ್ನು ಮೇಲಕ್ಕೇರಿಸಿದರೆ ಹಳೆಯ ಫೋನಿಗೆ ತಿದ್ದುಪಡಿಗಳು ಬರುವುದು ನಿಲ್ಲುತ್ತದೆ. ತಿದ್ದಿದ ಆ್ಯಪೇ ಬೇಕೆಂದು ಆಚೆಯ ಕಂಪ್ಯೂಟರು ಹಟ ಹಿಡಿದರೆ, ನಿನ್ನೆ ತೆರೆದದ್ದು ಇಂದು ತೆರೆಯದು.

"ಹೊಸ ಫೋನು ಕೊಂಡರಾಯಿತು" ಎಂದು ರಾಯಚೂರು ನಗರದ ನೀವು ಹೇಳಬಹುದು. ಆದರೆ ನೀವು ಬಿಟ್ಟ ಫೋನು ಎಲ್ಲಿಗೆ ಹೋಗುತ್ತದೆಂಬುದನ್ನು ನೆನೆಯಿರಿ. ದೇವದುರ್ಗದ ಎರೆಹೊಲದಲ್ಲಿ ಹತ್ತಿ ಬೆಳೆಯುವ ಅಣ್ಣನಿಗೆ, ಮಾನ್ವಿಯ ಕಾಲುವೆ ನೀರಿನಲ್ಲಿ ನೆಲ್ಲು ನಾಟಿ ಮಾಡುವ ಮಾವನಿಗೆ ತಾನೆ? ಬೆಂಗಳೂರಿಗೆ ದುಡಿಯಲು ಹೋದ ಮಗ ಹೊಸದು ಕೊಂಡಾಗ ತಂದೆಗೆ ಬರುವುದೂ ಅದೇ.

ಅವರಿಗೆ ಅದು ಕಾಲಕ್ಷೇಪದ ವಸ್ತುವಲ್ಲ. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ರೈತರಿಗಾಗಿಯೇ ಬೆಳೆ ಸಮೀಕ್ಷೆಯ ಆ್ಯಪನ್ನು ಹೊರತಂದಿತು. ರೈತನು ತನ್ನ ಹೊಲದಲ್ಲೇ ನಿಂತು, ಸರ್ವೆ ನಂಬರು ಆರಿಸಿ, ಬೆಳೆಯ ಹೆಸರು ನಮೂದಿಸಿ, ಚಿತ್ರ ತೆಗೆದು ಕಳುಹಿಸಬಹುದು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಹಾನಿಯ ಪರಿಹಾರ, ಇವುಗಳಿಗೆಲ್ಲ ಈ ದಾಖಲೆ ಆಧಾರ. ಮಾಡಲಾರದವರ ಹೊಲಕ್ಕೆ ಊರಿನಲ್ಲಿ ನೇಮಕಗೊಂಡ ಯುವಕರು ಬರುತ್ತಾರೆ, ನಿಜ. ಆದರೂ ಹತ್ತಿಯ ಹೊಲ ಕಾಗದದಲ್ಲಿ ತೊಗರಿಯಾಗದಂತೆ ನೋಡಿಕೊಳ್ಳಲು ಒಡೆಯನ ಕಣ್ಣಿಗಿಂತ ಬೇರೊಂದುಂಟೆ?

ಹಳೆಯದನ್ನು ಸಾಕುವುದು ಕಟ್ಟುವವರಿಗೆ ಸುಲಭವೇನಲ್ಲ. 2015ರಲ್ಲಿ ಬಂದ 6ನೆಯ ಆವೃತ್ತಿಯವರೆಗೆ, ಕ್ಯಾಮರಾ ಮತ್ತು ಸ್ಥಳದ ಗುರುತು ಬಳಸಲು ಆ್ಯಪನ್ನು ಹಾಕಿಕೊಳ್ಳುವಾಗ ಒಮ್ಮೆ ಒಪ್ಪಿಗೆ ಕೊಟ್ಟರೆ ಸಾಕಾಗಿತ್ತು. ಅಲ್ಲಿಂದ ಮುಂದೆ ಬಳಸುವ ಹೊತ್ತಿನಲ್ಲಿಯೇ ಕೇಳಬೇಕಾಯಿತು. ಎರಡೂ ಬಗೆಯ ಫೋನಿನಲ್ಲಿ ನಡೆಯಬೇಕಾದರೆ ಆ್ಯಪು ಮೊದಲು "ನಿನ್ನದು ಯಾವ ಆವೃತ್ತಿ?" ಎಂದು ವಿಚಾರಿಸಿ, ಆಮೇಲೆ ಆಯಾ ದಾರಿ ಹಿಡಿಯಬೇಕು. ಇಂಥ ಕವಲುಗಳು ಹೆಚ್ಚಿದಷ್ಟೂ ಪರೀಕ್ಷೆಯ ಕೆಲಸ ಹೆಚ್ಚು. ಹೊಸ ಆವೃತ್ತಿಗಳಿಗೆ ನಾವು ಋಣಿಗಳೂ ಹೌದು. ಆಂಡ್ರಾಯ್ಡಿನಲ್ಲಿ ಕನ್ನಡ ಲಿಪಿಗೆ ಆಧಾರ ದೊರೆತದ್ದು 2012ರ 4.1ನೆಯ ಆವೃತ್ತಿಯಲ್ಲಿ, ಅದಕ್ಕೆ ಮೊದಲು ಅನೇಕ ಫೋನುಗಳಲ್ಲಿ ಕನ್ನಡವೆಂದರೆ ಖಾಲಿ ಚೌಕಗಳ ಸಾಲು. ಆ ದಿನಗಳು ಮರಳಿ ಬೇಕೆಂದು ಯಾವ ಕನ್ನಡ ಮಾಸ್ತರನೂ ಹೇಳಲಾರ.

ಆದರೆ ಮನಸ್ಸಿದ್ದರೆ ಉಪಾಯವುಂಟು. ಜಾಲತಾಣಗಳ ಸಾಚಾತನಕ್ಕೆ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯುಂಟು. ಅದರ ಹೊಸ ಮುದ್ರೆಯನ್ನು 7.1.1ಕ್ಕಿಂತ ಹಳೆಯ ಆಂಡ್ರಾಯ್ಡುಗಳು ಗುರುತಿಸುತ್ತಿರಲಿಲ್ಲ. 2020ರ ಕೊನೆಯಲ್ಲಿ ಅಂಥವು ಆಂಡ್ರಾಯ್ಡ್ ಫೋನುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು. 2021ರ ಸೆಪ್ಟೆಂಬರಿನಲ್ಲಿ ಹಳೆಯ ಮುದ್ರೆಯ ಅವಧಿ ಮುಗಿಯುವುದರಲ್ಲಿತ್ತು. ಆಗ ಆ ಸಂಸ್ಥೆ ಕೈಚೆಲ್ಲಲಿಲ್ಲ. ಹಳಬರು ನಂಬುವ ಮತ್ತೊಂದು ಸಂಸ್ಥೆಯಿಂದ ಹೊಸ ಮುದ್ರೆಗೆ ಮೇಲುರುಜು ಹಾಕಿಸಿ, 2024ರವರೆಗೆ ಆ ಫೋನುಗಳನ್ನು ನಡೆಸಿಕೊಂಡು ಬಂದಿತು. ಮೂರು ವರ್ಷ ಸಣ್ಣ ಅವಧಿಯಲ್ಲ.

ಅವಧಿಗೊಂದು ಕೊನೆ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ರಕ್ಷಣೆಯ ತಿದ್ದುಪಡಿ ನಿಂತ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯ. ವ್ಯಾಪಾರದ ಆ್ಯಪಿನವರು ಗಿರಾಕಿಯನ್ನು ಕೈಬಿಟ್ಟರೆ ನಷ್ಟ ಅವರದು. ಸರ್ಕಾರದ ಆ್ಯಪಿಗೆ ಆ ಸ್ವಾತಂತ್ರ್ಯವಿಲ್ಲ. ರೈತ ಬೇರೆ ಅಂಗಡಿಗೆ ಹೋಗುವಂತಿಲ್ಲವಷ್ಟೆ. ಕಟ್ಟುವವರ ಮೇಜಿನ ಮೇಲೆ ಏಳೆಂಟು ವರ್ಷದ ಹಳೆಯ ಫೋನೊಂದು ಸದಾ ಇರಲಿ. ತಿದ್ದಿದ್ದನ್ನೆಲ್ಲ ಮೊದಲು ಅದರಲ್ಲಿ ನಡೆಸಿ ನೋಡಲಿ. ಗೆರೆ ಏರಿಸಲೇಬೇಕಾದರೆ, ಒಂದು ಹಂಗಾಮು ಮುಂಚಿತವಾಗಿ ಪಂಚಾಯತಿಯಲ್ಲಿ ಕನ್ನಡದಲ್ಲಿ ತಿಳಿಸಲಿ. ಬಿತ್ತನೆಯ ನಡುವೆ ಬೇಡ.

ನೀವೂ ಒಂದು ಕೆಲಸ ಮಾಡಬಹುದು. ಹಳೆಯ ಫೋನನ್ನು ಊರಿಗೆ ಕಳುಹಿಸುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ತೆರೆದು ಆಂಡ್ರಾಯ್ಡ್ ಆವೃತ್ತಿ ಎಷ್ಟೆಂದು ನೋಡಿ. ಬರಬೇಕಾದ ಅಪ್‌ಡೇಟ್ ಬಾಕಿಯಿದ್ದರೆ ಇಲ್ಲಿಯೇ ಹಾಕಿಸಿ. ನಿಮ್ಮ ಖಾತೆ, ಚಿತ್ರಗಳನ್ನು ಅಳಿಸಿ, ಬೆಳೆ ಸಮೀಕ್ಷೆಯ ಆ್ಯಪು ತೆರೆಯುತ್ತದೆಯೆ ಎಂದು ಒಮ್ಮೆ ಪರೀಕ್ಷಿಸಿ, ಆಮೇಲೆ ದೇವದುರ್ಗದ ಬಸ್ಸಿಗೆ ಕೊಡಿ.