ಲಕ್ವ ಹೊಡೆದಾಗ ಕೇಳಬೇಕಾದ ಪ್ರಶ್ನೆಗಳು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ವೇದಿಕೆಯಲ್ಲಿ ಕಂಪ್ಯೂಟರ್ ಬಗ್ಗೆ ಮಾತನಾಡಬೇಕೆಂದು ಸಮಿತಿಯವರು ಹೇಳಿದ್ದರು. ಅವರ ಒಪ್ಪಿಗೆ ಪಡೆದೇ ವಿಷಯ ಬದಲಿಸಿಕೊಂಡಿದ್ದೇನೆ. ಬಿ.ಇ. ಮುಗಿಸಿ ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ಮನೆ ಮಾಡಿದ ಮೇಲೆ, ಊರಿನಿಂದ ನನಗೆ ಬರುವ ಫೋನುಗಳಲ್ಲಿ ಕೆಲಸ ಕೇಳುವವರಿಗಿಂತ ಆಸ್ಪತ್ರೆ ಕೇಳುವವರೇ ಹೆಚ್ಚು. ನಿಮ್ಹಾನ್ಸ್ ಇರುವ ಹೊಸೂರು ರಸ್ತೆಯೂ ಜಯದೇವ ಇರುವ ಬನ್ನೇರುಘಟ್ಟ ರಸ್ತೆಯೂ ನಮ್ಮ ಮನೆಗೆ ಹತ್ತಿರ. ಈಚೆಗೆ ಮೂರು ನಾಲ್ಕು ಮನೆಯವರು ಒಂದೇ ಪ್ರಶ್ನೆ ಕೇಳಿದರು: "ಲಕ್ವ ಹೊಡೆದವರಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಕೈಕಾಲು ಮೊದಲಿನ ಹಾಗೆ ಆಗುತ್ತಂತೆ, ಸ್ವಲ್ಪ ವಿಚಾರಿಸಪ್ಪ."

ನಾನು ಡಾಕ್ಟರಲ್ಲ. ನಮ್ಮ ಮನೆಗೇ ಈ ಪ್ರಶ್ನೆ ಬಂದಾಗ ಓದಿದ್ದನ್ನು, ಡಾಕ್ಟರನ್ನು ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನಿಗೆ ಪಾರ್ಶ್ವವಾಯು ಆಯಿತು. ಬಲಗೈ ಬಲಗಾಲು ಬಿದ್ದುಹೋಯಿತು, ಮಾತು ತೊದಲಿತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಕೆಲವು ತಿಂಗಳು ನಮ್ಮ ಮನೆಯಲ್ಲೇ ಇದ್ದರು. ಆಗ ಒಂದು ಖಾಸಗಿ ಕ್ಲಿನಿಕ್ಕಿನವರು ಸ್ಟೆಮ್ ಸೆಲ್ ಚಿಕಿತ್ಸೆಗೆ ಲಕ್ಷಗಟ್ಟಲೆ ಹೇಳಿದರು. ಚಿಕ್ಕಮ್ಮ ಒಂದೇ ಮಾತು ಹೇಳಿದರು: "ಕೆರೆ ಕೆಳಗಿನ ಅರ್ಧ ಎಕರೆ ಮಾರಿಬಿಡೋಣ. ಭೂಮಿ ಬೇಕಾದರೆ ಇನ್ನೊಂದು ಸಲ ಮಾಡಬಹುದು, ನಿಮ್ಮ ಚಿಕ್ಕಪ್ಪನ್ನ ಮಾಡೋಕಾಗುತ್ತಾ?" ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಾಗಾಗಿ ಓದಲು ಕುಳಿತೆ.

ನಮ್ಮ ದೇಹದ ಹೆಚ್ಚಿನ ಜೀವಕೋಶಗಳಿಗೆ ಒಂದೊಂದು ಗೊತ್ತಾದ ಕೆಲಸವಿದೆ. ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳೇ ಸ್ಟೆಮ್ ಸೆಲ್. ಮೂಳೆಯ ಮಜ್ಜೆಯಲ್ಲಿರುವ ಇಂಥ ಕೋಶಗಳು ರಕ್ತವನ್ನು ತಯಾರಿಸುತ್ತವೆ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾದಂಥ ಕಾಯಿಲೆಗಳಿಗೆ ಮಜ್ಜೆಯ ಕಸಿ ಒಪ್ಪಿತ ಚಿಕಿತ್ಸೆ. ಅದರಲ್ಲಿ ಅನುಮಾನವಿಲ್ಲ. ಲಕ್ವದಲ್ಲಿ ಆಗುವುದೇ ಬೇರೆ. ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಮಿದುಳಿನ ಒಂದು ಭಾಗ ಸಾಯುತ್ತದೆ. ಮಜ್ಜೆಯ ಕೋಶಗಳನ್ನು ಕೊಟ್ಟರೆ ಉಳಿದ ಭಾಗ ಚೇತರಿಸಿಕೊಳ್ಳಲು ನೆರವಾದೀತೇ ಎಂದು ಅನೇಕ ದೇಶಗಳಲ್ಲಿ ಸಂಶೋಧನೆ ನಡೆದಿದೆ.

ನಮ್ಮ ದೇಶದಲ್ಲೂ ನಡೆದಿದೆ. ದೆಹಲಿಯ ಏಮ್ಸ್‌ನ ಡಾ. ಕಾಮೇಶ್ವರ ಪ್ರಸಾದ್ ಅವರ ನೇತೃತ್ವದಲ್ಲಿ ಐದು ಕೇಂದ್ರಗಳಲ್ಲಿ 120 ರೋಗಿಗಳ ಮೇಲೆ ಪ್ರಯೋಗ ಮಾಡಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಜನರಿಗೆ ಅವರದೇ ಮಜ್ಜೆಯ ಕೋಶ ಕೊಟ್ಟರು, ಇನ್ನರ್ಧ ಜನರಿಗೆ ಕೊಡಲಿಲ್ಲ. ಕೋಶ ಕೊಟ್ಟದ್ದರಿಂದ ಅಪಾಯ ಕಾಣಲಿಲ್ಲ. ಆದರೆ ಆರು ತಿಂಗಳ ನಂತರ ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ.

"ಇಂಜೆಕ್ಷನ್ ತಗೊಂಡು ಎದ್ದು ಓಡಾಡಿದವರನ್ನು ನೋಡಿದ್ದೇವಲ್ಲ" ಎಂದು ಕೇಳುವವರಿದ್ದಾರೆ. ರೈತರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೊಸ ಗೊಬ್ಬರ ಹಾಕಿದ ವರ್ಷವೇ ಒಳ್ಳೆ ಮಳೆಯೂ ಬಂದರೆ, ರಾಗಿ ಬೆಳೆದದ್ದು ಗೊಬ್ಬರದಿಂದಲೋ ಮಳೆಯಿಂದಲೋ? ಪಕ್ಕದ ತಾಕಿಗೆ ಗೊಬ್ಬರ ಹಾಕದೆ ಬಿಟ್ಟಿದ್ದರೆ ಮಾತ್ರ ಗೊತ್ತಾಗುತ್ತದೆ. ಲಕ್ವವಾದ ಮೊದಲ ಮೂರರಿಂದ ಆರು ತಿಂಗಳಲ್ಲಿ ಮಿದುಳು ತಾನಾಗಿಯೇ ಒಂದಷ್ಟು ಚೇತರಿಸಿಕೊಳ್ಳುತ್ತದೆ. ವ್ಯಾಯಾಮ ಅದಕ್ಕೆ ಒತ್ತಾಸೆ. ಅದೇ ಸಮಯದಲ್ಲಿ ಇಂಜೆಕ್ಷನ್ ಕೊಟ್ಟರೆ ಕೀರ್ತಿಯೆಲ್ಲ ಇಂಜೆಕ್ಷನ್ನಿಗೆ ಹೋಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತ ತಯಾರಿಸುವ ಕೋಶಗಳ ಕಸಿಯನ್ನು, ಅದೂ ಒಪ್ಪಿತ ಕಾಯಿಲೆಗಳಿಗೆ ಬಳಸುವುದನ್ನು ಬಿಟ್ಟರೆ, ಸ್ಟೆಮ್ ಸೆಲ್ ಇನ್ನೂ ಪ್ರಯೋಗದ ಹಂತದಲ್ಲಿದೆ. ಅದನ್ನು ಚಿಕಿತ್ಸೆ ಎಂದು ಮಾರುವಂತಿಲ್ಲ. ಆದ್ದರಿಂದ ಯಾರಾದರೂ ಕೊಡುತ್ತೇವೆ ಎಂದರೆ ಮೂರು ಪ್ರಶ್ನೆ ಕೇಳಿ. ಇದು ಪ್ರಯೋಗವಾದರೆ ಸಿ.ಟಿ.ಆರ್.ಐ. ಎಂಬ ರಾಷ್ಟ್ರೀಯ ನೋಂದಣಿಯ ಸಂಖ್ಯೆ ಎಲ್ಲಿ? ನೈತಿಕ ಸಮಿತಿಯ ಒಪ್ಪಿಗೆ ಎಲ್ಲಿ? ಪ್ರಯೋಗವೆಂದ ಮೇಲೆ ನಮ್ಮಿಂದ ದುಡ್ಡು ಏಕೆ? ಸರಿಯಾದ ಉತ್ತರ ಬರದಿದ್ದರೆ ಎದ್ದು ಬನ್ನಿ.

ಚಿಕ್ಕಮ್ಮ ಜಮೀನು ಮಾರಲಿಲ್ಲ. ದಿನಾ ಫಿಸಿಯೋಥೆರಪಿ ಮಾಡಿಸಿದೆವು. ಮನೆಯಲ್ಲಿ ಅವರೆಕಾಯಿ ಸುಲಿಯುವುದು, ಬಟ್ಟೆಯ ಕ್ಲಿಪ್ ಹಾಕಿ ತೆಗೆಯುವುದು, ಎಲ್ಲವೂ ಬಲಗೈಯಲ್ಲೇ. ಬೇಸರಪಟ್ಟು ಸಿಟ್ಟಾದ ದಿನಗಳೂ ಇದ್ದವು. ಈಗ ಕೋಲು ಹಿಡಿದು ತೋಟದವರೆಗೆ ನಡೆಯುತ್ತಾರೆ, ಮಾತು ಬಹುಮಟ್ಟಿಗೆ ತಿರುಗಿದೆ. ಬಲಗೈ ಪೂರ್ತಿ ಬಂದಿಲ್ಲ, ರುಜು ಹಾಕಲಾರರು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ನಿಜವಾದ ಔಷಧಿ ಇರುವುದು ಮೊದಲ ಗಂಟೆಗಳಲ್ಲಿ. ಮುಖ ಒಂದು ಕಡೆ ಸೊಟ್ಟಗಾದರೆ, ಎತ್ತಿದ ಕೈ ಕೆಳಗೆ ಜಾರಿದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ನಾಳ ಕಟ್ಟಿಕೊಂಡು ಆದ ಲಕ್ವವಾದರೆ, ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕಟ್ಟಿದೆಯೋ ಒಡೆದಿದೆಯೋ ಎಂದು ತಿಳಿಯಲು ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಹಾಗಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ದೊಡ್ಡ ನಾಳ ಕಟ್ಟಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆಂದು ಅಂದಾಜು. ಎಣ್ಣೆ ತಿಕ್ಕುತ್ತಾ, ಬೆಳಗಾಗಲಿ ಎನ್ನುತ್ತಾ ಕೂರಬೇಡಿ. ನೀರು, ಮಾತ್ರೆ ಬಾಯಿಗೆ ಹಾಕಬೇಡಿ, ಉಸಿರಾಟದ ನಾಳಕ್ಕೆ ಇಳಿದೀತು. ಇದಕ್ಕೂ ಮೊದಲಿನ ಔಷಧಿ ಇನ್ನೂ ಅಗ್ಗ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡಿಸಿ, ಡಾಕ್ಟರು ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸದಿರುವುದು.

ಕೊನೆಯದಾಗಿ ಒಂದು ಕೋರಿಕೆ. ಮುಖ, ಕೈ, ಮಾತು, 108 ಇಷ್ಟನ್ನು ನಮ್ಮ ಶಾಲೆಯ ರಸ್ತೆ ಬದಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸೋಣ. ಬಣ್ಣದ ಖರ್ಚು ನನ್ನದು, ಅಕ್ಷರ ಮಕ್ಕಳದಾಗಲಿ. ಸ್ಟೆಮ್ ಸೆಲ್‌ನಿಂದ ಲಕ್ವಕ್ಕೆ ನಿಜವಾದ ಔಷಧಿ ಬಂದರೆ ಅದನ್ನೂ ನಾನೇ ಬಂದು ಹೇಳುತ್ತೇನೆ. ಅಲ್ಲಿಯವರೆಗೆ ಜಮೀನಿನ ಪತ್ರ ಪೆಟ್ಟಿಗೆಯಲ್ಲೇ ಇರಲಿ.