ಬಾಳೆಹಣ್ಣು, ಹಲಗೆ, ಮಣ್ಣಿನ ಕುದುರೆ



ಮಕ್ಕಳ ದಿನಾಚರಣೆಯ ಹುಟ್ಟಿನ ಬಗ್ಗೆ ಒಂದು ಕತೆ ವರ್ಷವರ್ಷವೂ ಶಾಲೆಯ ಭಾಷಣಗಳಲ್ಲಿ ಕೇಳಿಬರುತ್ತದೆ. ಮೊದಲು ಅದನ್ನು ನವೆಂಬರ್ 20ರಂದು ಆಚರಿಸುತ್ತಿದ್ದರಂತೆ. 1964ರ ಮೇ ತಿಂಗಳಲ್ಲಿ ನೆಹರೂ ತೀರಿಕೊಂಡ ಮೇಲೆ ಅವರ ಹುಟ್ಟುಹಬ್ಬಕ್ಕೆ, ಅಂದರೆ ನವೆಂಬರ್ 14ಕ್ಕೆ ತಂದರಂತೆ. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಆ ನಂಬಿಕೆಯನ್ನು ಕೆಡಿಸಿದ್ದು ಮೂರು ಅಂಚೆಚೀಟಿಗಳು.

1957ರ ನವೆಂಬರ್ 14ರಂದು ನಮ್ಮ ಅಂಚೆ ಇಲಾಖೆ ಮಕ್ಕಳ ದಿನದ ಚೀಟಿಗಳನ್ನು ಹೊರತಂದಿತು. ಆಗ ನೆಹರೂ ಬದುಕಿದ್ದರು, ಪ್ರಧಾನಿಯಾಗಿದ್ದರು. ವಿಶ್ವಸಂಸ್ಥೆ 1954ರ ಡಿಸೆಂಬರಿನಲ್ಲಿ ಮಾಡಿದ ಶಿಫಾರಸಾದರೂ ಇಷ್ಟೇ: 1956ರಿಂದ ಎಲ್ಲ ದೇಶಗಳೂ ಮಕ್ಕಳಿಗೆಂದು ಒಂದು ದಿನ ಇಟ್ಟುಕೊಳ್ಳಲಿ, ಯಾವ ದಿನವೆಂಬುದು ಅವರವರಿಗೆ ಬಿಟ್ಟದ್ದು. ಆ ಸಂಸ್ಥೆ ಮಕ್ಕಳ ಹಕ್ಕುಗಳ ಘೋಷಣೆಯನ್ನು ಒಪ್ಪಿದ್ದು 1959ರ ನವೆಂಬರ್ 20ರಂದು. ಆ ತಾರೀಖಿಗೆ ತೂಕ ಬಂದದ್ದೇ ಆಮೇಲೆ.

ಆ ಚೀಟಿಗಳನ್ನೊಮ್ಮೆ ನೋಡಬೇಕು. ಒಂದರಲ್ಲಿ ಬಾಳೆಹಣ್ಣು ತಿನ್ನುತ್ತಿರುವ ಹುಡುಗ, ಬೆಲೆ 8 ನಯಾಪೈಸೆ. ಇನ್ನೊಂದರಲ್ಲಿ ಹಲಗೆಯ ಮೇಲೆ ಬರೆಯುತ್ತಿರುವ ಹುಡುಗಿ, 15 ನಯಾಪೈಸೆ. ಮೂರನೆಯದರಲ್ಲಿ ಬಂಗಾಳದ ಬಾಂಕುರಾದ ಮಣ್ಣಿನ ಕುದುರೆ. ದೇವರಿಗೆ ಹರಕೆ ಒಪ್ಪಿಸುವ ಆ ಕುದುರೆ ಇಲ್ಲಿ ಮಕ್ಕಳ ಆಟಿಕೆಯಾಗಿ ನಿಂತಿದೆ. ಅದರ ಬೆಲೆ 90! ಅನ್ನ, ಅಕ್ಷರ, ಆಟ; ಮೂರರಲ್ಲಿ ಆಟವೇ ದುಬಾರಿ. ಇಂದು ಟ್ಯೂಷನ್ ಫೀಸು ಕಟ್ಟುವ ತಂದೆತಾಯಿಯರು ಈ ಲೆಕ್ಕವನ್ನು ಒಪ್ಪಲಾರರು.

ಆದರೆ ಆ ಚೀಟಿಗಳಲ್ಲಿ ಒಂದು ಚಿತ್ರ ಇರಲಿಲ್ಲ: ಮಾತಾಡುವ ಮಗು. 1989ರಲ್ಲಿ, ಮತ್ತದೇ ನವೆಂಬರ್ 20ರಂದು, ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆ ತಂದಿತು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯವನ್ನು ಕೇಳಬೇಕು ಎನ್ನುತ್ತದೆ ಅದರ 12ನೇ ವಿಧಿ. ಭಾರತ ಅದಕ್ಕೆ ಸಮ್ಮತಿಸಿದ್ದು 1992ರಲ್ಲಿ. ಹಾಗೆ ಮಕ್ಕಳ ಮಾತು ಕೇಳುವ ಕೆಲಸ ನಮ್ಮ ಕರ್ನಾಟಕದಲ್ಲೂ ಶುರುವಾಯಿತು: ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತಿ ನಡೆಯಿತು. 2006ರಿಂದ ನಮ್ಮ ರಾಜ್ಯ ಸರ್ಕಾರ ಎಲ್ಲ ಪಂಚಾಯತಿಗಳಲ್ಲೂ, ಮಕ್ಕಳೇ ಊರಿನ ಕುಂದುಕೊರತೆ ಹೇಳುವ ಮಕ್ಕಳ ಗ್ರಾಮಸಭೆ ನಡೆಸಲು ಹೇಳಿದೆ. ಮಳೆಗಾಲದಲ್ಲಿ ಕಾಲುಸಂಕದ ಯಾವ ಹಲಗೆ ಅಲ್ಲಾಡುತ್ತದೆ ಎಂಬುದು ಅದನ್ನು ದಾಟಿ ಶಾಲೆಗೆ ಹೋಗುವ ಹುಡುಗಿಗೆ ಗೊತ್ತು, ಜೀಪಿನಲ್ಲಿ ಬರುವ ಸಾಹೇಬರಿಗಲ್ಲ. ನನ್ನ ಮಟ್ಟಿಗೆ ಮಕ್ಕಳ ಹಬ್ಬವೆಂದರೆ ಆ ಗ್ರಾಮಸಭೆಯೇ. ಬಿಸಿಲಲ್ಲಿ ಸಾಲಾಗಿ ಕೂರಿಸಿ ದೊಡ್ಡವರ ಭಾಷಣ ಕೇಳಿಸುವುದು ಮಾತ್ರ ಹಬ್ಬವಲ್ಲ, ಶಿಕ್ಷೆ.

ಈ ಸಲ ನಿಮ್ಮೂರಿನ ಮಕ್ಕಳ ಗ್ರಾಮಸಭೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಯಾರಾದರೂ ಮೈಕ್ ಕೊಡಲು ಬಂದರೆ, ದಯವಿಟ್ಟು ಬೇಡ ಎನ್ನಿ.